ಮೊಡವೆಯ ಪಥ್ಯ, ಮಲೆನಾಡಿನ ಉಪಚಾರ

ಚಿಕ್ಕಮಗಳೂರಿನಿಂದ ಆಲ್ದೂರು ರಸ್ತೆ ಹಿಡಿದರೆ ಪೇಟೆಯ ಗದ್ದಲ ಹಿಂದುಳಿದು ಕಾಫಿ ತೋಟಗಳ ನೆರಳು ಶುರುವಾಗುವ ಹೊತ್ತಿಗೆ ವಸ್ತಾರೆ ಸಿಗುತ್ತದೆ. ಅಲ್ಲಿಂದ ಮುಂದೆ ಆಲ್ದೂರು, ಬಾಳೆಹೊನ್ನೂರು, ಮಾಗುಂಡಿ, ಬಾಳೆಹೊಳೆ, ಕಳಸ, ಕೊನೆಗೆ ಹೊರನಾಡು. ಈ ದಾರಿಯ ಯಾವ ಮನೆಯ ಮೆಟ್ಟಿಲು ಹತ್ತಿದರೂ ಮೊದಲು ಬೆಲ್ಲ-ನೀರು ಬರುತ್ತದೆ. ಲೋಟ ಕೆಳಗಿಡುವಷ್ಟರಲ್ಲಿ ಹಾಲು-ಸಕ್ಕರೆ ಬೆರೆತ ಕಾಫಿ, ಅದರ ಪಕ್ಕದಲ್ಲಿ ಹಲಸಿನ ಹಪ್ಪಳವೋ ಬಾಳೆಕಾಯಿ ಚಿಪ್ಸೋ ಕೋಡುಬಳೆಯೋ. ಬೆಲ್ಲ, ಹಾಲು, ಸಕ್ಕರೆ, ಕರಿದದ್ದು. ಮೊಡವೆಗೆಂದು ಪಥ್ಯ ಹಿಡಿದವರು ಮೊದಲು ಬಿಡುವ ಈ ನಾಲ್ಕೂ ಹೊಸಿಲು ದಾಟಿದ ಹತ್ತು ನಿಮಿಷದೊಳಗೆ ಎದುರಿಗೆ ಬಂದಿರುತ್ತವೆ.

ಆ ಹೊತ್ತಿನಲ್ಲಿ ಹದಿನೆಂಟು-ಇಪ್ಪತ್ತರ ಹುಡುಗ ಹುಡುಗಿಯರು ಪಡುವ ಸಂಕಟವನ್ನು ಹಲವು ಮನೆಗಳ ಜಗಲಿಯಲ್ಲಿ ಕಂಡಿದ್ದೇನೆ. "ನಂಗೆ ಬೇಡ ಅತ್ತೆ" ಎಂದರೆ, "ಎಂತಕ್ಕೆ ಬೇಡ? ಒಂದು ಲೋಟ ಕಾಫೀನೂ ಕುಡೀದೆ ಹೋದ್ರೆ ಹೆಂಗೆ?" ಎಂಬ ಮಾತು ಬಂದೇ ಬರುತ್ತದೆ. ಹಾಲು ಬಿಟ್ಟಿದ್ದೇನೆ ಎಂದರೆ ಕಾರಣ ಹೇಳಬೇಕು. ಕಾರಣ ಹೇಳಿದ ಕೂಡಲೇ ಅಲ್ಲಿ ಕೂತವರೆಲ್ಲ ಹುಡುಗಿಯ ಮುಖವನ್ನೇ ನೋಡುತ್ತಾರೆ. ಆಮೇಲೆ ಸಲಹೆಗಳು. ಒಬ್ಬರು ಶ್ರೀಗಂಧ ತೇಯ್ದು ಹಚ್ಚು ಎನ್ನುತ್ತಾರೆ, ಇನ್ನೊಬ್ಬರು ಉಷ್ಣವಾಗಿದೆ ಎನ್ನುತ್ತಾರೆ, ಮತ್ತೊಬ್ಬರು ಮದುವೆಯಾದ ಮೇಲೆ ಸರಿಹೋಗುತ್ತದೆ ಎಂದು ನಗುತ್ತಾರೆ. ಹುಡುಗಿ ತಲೆ ತಗ್ಗಿಸಿ ಕಾಫಿ ಕುಡಿದುಬಿಡುತ್ತಾಳೆ. ರಾತ್ರಿ ಮಲಗುವ ಮುಂಚೆ ಕನ್ನಡಿಯಲ್ಲಿ ಗಲ್ಲ ಮುಟ್ಟಿ ನೋಡಿಕೊಳ್ಳುತ್ತಾಳೆ. ಬೆಳಿಗ್ಗೆ ಒಂದು ಹೊಸ ಗುಳ್ಳೆ ಕಂಡರೆ ಅದಕ್ಕೆಲ್ಲ ನಿನ್ನೆಯ ಕಾಫಿಯೇ ಕಾರಣವೆಂದು ತೀರ್ಮಾನವಾಗುತ್ತದೆ.

ಆ ತೀರ್ಮಾನ ತಪ್ಪು. ಇವತ್ತು ಕಣ್ಣಿಗೆ ಬಿದ್ದ ಮೊಡವೆ ಚರ್ಮದೊಳಗೆ ವಾರಗಳ ಹಿಂದೆಯೇ ಶುರುವಾಗಿರುತ್ತದೆ. ಕೂದಲ ಬುಡದ ಸಣ್ಣ ರಂಧ್ರ ಸತ್ತ ಚರ್ಮಕೋಶಗಳಿಂದ ಮುಚ್ಚಿಕೊಂಡು, ಒಳಗೆ ಜಿಡ್ಡು ಕಟ್ಟಿ, ಅದರಲ್ಲಿ ಬ್ಯಾಕ್ಟೀರಿಯಾ ಬೆಳೆದು, ಊತ ಬಂದು ಕೆಂಪಾಗುವುದಕ್ಕೆ ಒಂದು ರಾತ್ರಿ ಸಾಲದು. ಬೆಂಗಳೂರಿನಿಂದ ಶನಿವಾರ ಬಂದು ಭಾನುವಾರ ಹೋಗುವ ಪ್ರವಾಸದಲ್ಲಿ ಕುಡಿದ ಎರಡು ಲೋಟ ಕಾಫಿಯನ್ನು ಸೋಮವಾರದ ಮೊಡವೆಗೆ ಹೊಣೆ ಮಾಡಲಾಗದು. ಇದೊಂದು ಗೊತ್ತಿದ್ದರೂ ಪಥ್ಯದವರ ಪ್ರವಾಸ ಅರ್ಧ ಹಗುರವಾಗುತ್ತದೆ.

ಹಾಗಾದರೆ ಊಟಕ್ಕೂ ಮೊಡವೆಗೂ ಸಂಬಂಧವೇ ಇಲ್ಲವೇ? ಇದೆ. ಆದರೆ ನಮ್ಮ ಮಕ್ಕಳು ನಂಬಿಕೊಂಡಷ್ಟು ನೇರವಾಗಿಲ್ಲ, ಅಷ್ಟು ದೊಡ್ಡದಾಗಿಯೂ ಇಲ್ಲ.

ವೈದ್ಯಲೋಕ ಈ ವಿಷಯದಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿಬಂದಿದೆ. 1969ರಲ್ಲಿ ಅಮೆರಿಕದ ವೈದ್ಯರು 65 ಜನರಿಗೆ ಚಾಕೊಲೇಟ್ ತಿನ್ನಿಸಿ ನೋಡಿ, ಮೊಡವೆಗೂ ಅದಕ್ಕೂ ಸಂಬಂಧವಿಲ್ಲ ಎಂದರು. ಹೋಲಿಕೆಗೆಂದು ಕೊಟ್ಟ ಇನ್ನೊಂದು ತಿಂಡಿಯಲ್ಲೂ ಸಕ್ಕರೆ-ಕೊಬ್ಬು ಹೆಚ್ಚುಕಡಿಮೆ ಅಷ್ಟೇ ಇತ್ತು ಎಂಬ ಟೀಕೆ ಆಮೇಲೆ ಬಂತು. ಆದರೂ ಮೂರು ದಶಕ ಚರ್ಮವೈದ್ಯರು ಊಟದ ಮಾತು ಎತ್ತಿದವರನ್ನು ಸುಮ್ಮನಿರಿಸಿದರು. 2002ರಲ್ಲಿ ಲೊರೆನ್ ಕೊರ್ಡೇನ್ ಮತ್ತು ಸಂಗಡಿಗರ ವರದಿ ಬಂದ ಮೇಲೆ ಗಾಳಿ ತಿರುಗಿತು. ಪಪುವಾ ನ್ಯೂಗಿನಿಯ ಕಿಟಾವಾ ದ್ವೀಪದಲ್ಲಿ 1200 ಜನರನ್ನು ಪರೀಕ್ಷಿಸಿದಾಗ ಒಬ್ಬರಲ್ಲೂ ಮೊಡವೆ ಕಾಣಲಿಲ್ಲ. ಪರಗ್ವೆಯ 'ಆಚೆ' ಎಂಬ ಬುಡಕಟ್ಟಿನ 115 ಜನರಲ್ಲೂ ಇರಲಿಲ್ಲ. ಸಕ್ಕರೆ, ಮೈದಾ, ಕಾರ್ಖಾನೆಯ ತಿಂಡಿಗಳು ಇಲ್ಲದ ಊಟವೇ ಕಾರಣವಿರಬಹುದೆಂದು ಅವರು ಊಹಿಸಿದರು. ವಂಶವಾಹಿಯ ಪಾತ್ರ ಎಷ್ಟೆಂಬ ಪ್ರಶ್ನೆ ಉಳಿದೇ ಇತ್ತು.

ಕಿಟಾವಾದವರು ತಿನ್ನುತ್ತಿದ್ದದ್ದು ಏನು ಎಂದು ಓದಿದಾಗ ನನಗೆ ನಮ್ಮ ಹಿತ್ತಿಲೇ ಕಣ್ಮುಂದೆ ಬಂತು: ಗೆಣಸು, ಕೆಸುವಿನ ಗೆಡ್ಡೆ, ತೆಂಗಿನಕಾಯಿ, ಮೀನು, ಹಣ್ಣು. ಮಳೆಗಾಲದಲ್ಲಿ ಪತ್ರೊಡೆಗೆ ಎಲೆ ಕೊಟ್ಟು, ಆಮೇಲೆ ಹುಳಿಗೆ ಗೆಡ್ಡೆ ಕೊಡುವ ನಮ್ಮ ಕೆಸುವಿನ ಬಳಗವೇ ಅದು. ಗೆಡ್ಡೆ-ಗೆಣಸು ತಿಂದರೆ ನಂಜು ಎಂದು ಇಲ್ಲಿ ಮೊಡವೆಯ ಮಕ್ಕಳಿಗೆ ಬಡಿಸುವುದಿಲ್ಲ. ಅಲ್ಲಿ ಅದನ್ನೇ ಉಂಡವರ ಮುಖ ತಿಳಿಯಾಗಿತ್ತು.

ಊಹೆಯನ್ನು ಒರೆಗೆ ಹಚ್ಚಿದವರು ಆಸ್ಟ್ರೇಲಿಯಾದವರು. ಅದಕ್ಕೂ ಮುಂಚೆ, 1981ರಲ್ಲಿ, ಟೊರಾಂಟೊದ ಡೇವಿಡ್ ಜೆಂಕಿನ್ಸ್ ತಂಡ ಯಾವ ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಬೇಗ ಏರಿಸುತ್ತದೆ ಎಂದು ಅಳೆಯುವ ಗ್ಲೈಸೀಮಿಕ್ ಸೂಚ್ಯಂಕವನ್ನು ಕೊಟ್ಟಿತ್ತು. ಸಕ್ಕರೆ ಸರ್ರನೆ ಏರಿದರೆ ಇನ್ಸುಲಿನ್ ಏರುತ್ತದೆ. ಇನ್ಸುಲಿನ್ ಜೊತೆಗೆ ಅದರ ಬಂಧುವಾದ ಇನ್ನೊಂದು ಬೆಳವಣಿಗೆಯ ಹಾರ್ಮೋನು ಚುರುಕಾಗುತ್ತದೆ. ಇವೆರಡೂ ಸೇರಿ ಚರ್ಮದ ಜಿಡ್ಡಿನ ಗ್ರಂಥಿಗಳನ್ನು ಕೆರಳಿಸುತ್ತವೆ. ಈ ಸರಪಳಿ ನಿಜವೇ ಎಂದು ನೋಡಲು ಆಸ್ಟ್ರೇಲಿಯಾದ ರಾಬಿನ್ ಸ್ಮಿತ್ ಮತ್ತವರ ತಂಡ 15ರಿಂದ 25ರ ವಯಸ್ಸಿನ 43 ಯುವಕರನ್ನು 12 ವಾರ ಗಮನಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿತು. ಸಕ್ಕರೆಯನ್ನು ನಿಧಾನವಾಗಿ ಏರಿಸುವ ಊಟದ ಪಥ್ಯ ಮಾಡಿದವರಲ್ಲಿ ಸರಾಸರಿ 23.5 ಗುಳ್ಳೆಗಳು ಕಡಿಮೆಯಾದವು. ಪಥ್ಯ ಮಾಡದವರಲ್ಲೂ 12 ಕಡಿಮೆಯಾದವು! ಪಥ್ಯದವರ ತೂಕವೂ ಇಳಿದಿತ್ತು. ಮುಖ ತಿಳಿಯಾದದ್ದು ಪಥ್ಯದಿಂದಲೋ ತೂಕ ಇಳಿದದ್ದರಿಂದಲೋ ಎಂದು ಬಿಡಿಸಿ ಹೇಳಲಾಗಲಿಲ್ಲ. ಮೊಡವೆ ತಾನಾಗಿಯೂ ಏರಿ ಇಳಿಯುತ್ತದೆ ಎಂಬುದಕ್ಕೆ ಆ 12ಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಹಾಲಿನ ಕಥೆಯೂ ಹೀಗೇ. ಅಮೆರಿಕದ 47,355 ದಾದಿಯರನ್ನು ಹೈಸ್ಕೂಲಿನ ದಿನಗಳಲ್ಲಿ ಏನು ತಿನ್ನುತ್ತಿದ್ದಿರಿ ಎಂದು ಕೇಳಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಾಲು ಕುಡಿದವರಲ್ಲಿ ಮೊಡವೆ ತುಸು ಹೆಚ್ಚಿತ್ತು, ಕೆನೆ ತೆಗೆದ ಹಾಲಿನಲ್ಲಿ ಆ ನಂಟು ಇನ್ನಷ್ಟು ಎದ್ದು ಕಂಡಿತು. 2018ರಲ್ಲಿ 78,529 ಮಕ್ಕಳು ಮತ್ತು ಯುವಜನರ ಮಾಹಿತಿ ಒಟ್ಟುಗೂಡಿಸಿ ನೋಡಿದಾಗಲೂ ಸಣ್ಣ ನಂಟು ಸಿಕ್ಕಿತು. ಹಾಲೇ ಕಾರಣ ಎಂದು ಸಾಬೀತಾಗಲಿಲ್ಲ. ಅಮೆರಿಕದ ಚರ್ಮವೈದ್ಯರ ಅಕಾಡೆಮಿ 2024ರಲ್ಲಿ ಹೊರತಂದ ಮಾರ್ಗಸೂಚಿ, ಸಕ್ಕರೆ ಏರಿಸದ ಊಟವಾಗಲಿ ಹಾಲು ಬಿಡುವುದಾಗಲಿ ಮೊಡವೆಗೆ ಚಿಕಿತ್ಸೆ ಎಂದು ಶಿಫಾರಸು ಮಾಡುವಷ್ಟು ಸಾಕ್ಷ್ಯವಿಲ್ಲ ಎಂದಿದೆ.

ಇಷ್ಟು ತೆಳು ಸಾಕ್ಷ್ಯದ ಮೇಲೆ ನಮ್ಮ ಹುಡುಗಿಯರು ಕಟ್ಟಿಕೊಂಡಿರುವ ಪಥ್ಯ ಎಂಥದ್ದು ನೋಡಿ. ಮೊಬೈಲಿನಲ್ಲಿ ಕಂಡ ಪಟ್ಟಿಯ ಪ್ರಕಾರ ಹಾಲು, ಮೊಸರು, ತುಪ್ಪ, ಸಕ್ಕರೆ, ಬೆಲ್ಲ, ಗೋಧಿ, ಅಕ್ಕಿ, ಎಣ್ಣೆ, ಕಾಫಿ ಇಲ್ಲ. ಅಜ್ಜಿಯ ಪಟ್ಟಿಯ ಪ್ರಕಾರ ಬದನೆ ನಂಜು, ಒಣಮೀನು ನಂಜು, ಗೆಡ್ಡೆ ನಂಜು. ಮೊಟ್ಟೆ, ಹಲಸು, ಮಾವು ಉಷ್ಣ. ಎರಡನ್ನೂ ಒಟ್ಟಿಗೆ ಪಾಲಿಸಿದರೆ ಉಳಿಯುವುದು ಸೌತೆಕಾಯಿ ಮತ್ತು ಬಿಸಿನೀರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಈ ದೇಶದಲ್ಲಿ 15ರಿಂದ 19ರ ಹುಡುಗಿಯರಲ್ಲಿ ಶೇ 59.1 ಮಂದಿಗೆ ರಕ್ತಹೀನತೆ ಇದೆ. ಬೆಳೆಯುವ ಮಕ್ಕಳ ತಟ್ಟೆಯಿಂದ ಮೊಟ್ಟೆ, ಮೀನು, ಹಾಲು ಎಲ್ಲವನ್ನೂ ಒಟ್ಟಿಗೆ ತೆಗೆಯುವ ಪಥ್ಯ ಮುಖದ ನಾಲ್ಕು ಗುಳ್ಳೆಗಿಂತ ದೊಡ್ಡ ತೊಂದರೆ ತರುತ್ತದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಹಾಗೆಂದು ಮೊಡವೆಯನ್ನು ಹಗುರವಾಗಿ ಕಾಣಬೇಕೆಂದು ನಾನು ಹೇಳುತ್ತಿಲ್ಲ. ಕಲೆ ಉಳಿಯುವ, ಕೀವು ತುಂಬುವ ಮೊಡವೆ ಇದ್ದವರು ಫೋಟೊಕ್ಕೆ ನಿಲ್ಲುವುದಿಲ್ಲ, ಬಸ್ಸಿನ ಕಿಟಕಿಯ ಬೆಳಕಿಗೆ ಮುಖ ಕೊಡುವುದಿಲ್ಲ, ಪ್ರವಾಸವನ್ನೇ ತಪ್ಪಿಸಿಕೊಳ್ಳುತ್ತಾರೆ. ಪಥ್ಯ ಅವರ ಕೈಯಲ್ಲಿರುವ ಒಂದೇ ಹಿಡಿತ. ಅದನ್ನು ಕಿತ್ತುಕೊಳ್ಳುವುದು ನನ್ನ ಉದ್ದೇಶವಲ್ಲ. ಪ್ರಯಾಣಕ್ಕೆ ಹೊರಡುವಾಗ ಅದರಲ್ಲಿ ಹೊರಲು ಯೋಗ್ಯವಾದದ್ದು ಯಾವುದು, ಮನೆಯಲ್ಲೇ ಇಟ್ಟು ಬರಬೇಕಾದದ್ದು ಯಾವುದು ಎಂದು ಬೇರ್ಪಡಿಸಬೇಕು.

ಹೊರಲು ಯೋಗ್ಯವಾದದ್ದು ಎರಡೇ. ಒಂದು, ಸಿಹಿ ಪಾನೀಯ, ಬೇಕರಿ ತಿಂಡಿ, ಮೈದಾ ಇವುಗಳಿಗೆ ಹಿಡಿತ. ಮೊಡವೆಗೆ ಉಪಯೋಗವಾಗದಿದ್ದರೂ ಬೇರೆ ಎಲ್ಲಕ್ಕೂ ಆಗುತ್ತದೆ. ಎರಡು, ಹಾಲು ಕುಡಿದಾಗಲೆಲ್ಲ ತನಗೆ ಮೊಡವೆ ಹೆಚ್ಚುತ್ತದೆ ಎಂದು ತಿಂಗಳುಗಟ್ಟಲೆ ಗಮನಿಸಿ ಕಂಡುಕೊಂಡವರಿಗೆ ಹಾಲಿನ ಮಿತಿ. ಜಿಮ್ಮಿಗೆ ಹೋಗುವ ಹುಡುಗರು ಚೀಲದಲ್ಲಿ ಒಯ್ಯುವ ಹಾಲಿನ ಪ್ರೋಟೀನ್ ಪುಡಿಯನ್ನೂ ಇದಕ್ಕೇ ಸೇರಿಸಬಹುದು. ಬದನೆ, ಗೆಡ್ಡೆ, ಕಾಯಿತುರಿ, ಒಗ್ಗರಣೆಯ ಎಣ್ಣೆ, ಮನೆಯ ಕೋಳಿಸಾರು ಇವನ್ನು ಮೊಡವೆಯ ಹೆಸರಿನಲ್ಲಿ ಬಿಡುವುದಕ್ಕೆ ಕಾರಣವಿಲ್ಲ.

ಇಷ್ಟೇ ಹೊರೆ ಹೊತ್ತು ಬಂದವರಿಗೆ ಕಾಫಿನಾಡಿನ ಅಡುಗೆಮನೆ ಬಹಳ ಅನುಕೂಲದ ಜಾಗ. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಹಾಲಿಲ್ಲದ ಕಾಫಿ ಕುಡಿಯುವುದು ಹೊಸತೇನಲ್ಲ. ಬೆಲ್ಲ ಕಡಿಮೆ ಹಾಕಿ ಎಂದರೆ ಮುಗಿಯಿತು. ಕೊತ್ತಂಬರಿ, ಜೀರಿಗೆ, ಮೆಣಸಿನ ಕಷಾಯವನ್ನು ಹಾಲು ಬೆರೆಸದೆ ಕೊಡಿ ಎಂದರೆ ಯಾರೂ ಬೇಸರಪಡುವುದಿಲ್ಲ. ಬೆಳಗ್ಗೆ ಅಕ್ಕಿರೊಟ್ಟಿ. ಬಿಳಿ ಅಕ್ಕಿ ಸಕ್ಕರೆಯನ್ನು ಬೇಗ ಏರಿಸುತ್ತದೆ ಎಂಬುದು ನಿಜ, ಆದರೆ ರೊಟ್ಟಿಯನ್ನು ಯಾರೂ ಬರಿದೇ ತಿನ್ನುವುದಿಲ್ಲ. ಹುಚ್ಚೆಳ್ಳಿನ ಚಟ್ನಿ, ಸೊಪ್ಪಿನ ಪಲ್ಯ, ಕಾಳಿನ ಗೊಜ್ಜು ಜೊತೆಗಿದ್ದಾಗ ನಾರು, ಕೊಬ್ಬು, ಪ್ರೋಟೀನು ಸೇರಿ ಆ ಏರಿಕೆಯ ವೇಗ ತಗ್ಗುತ್ತದೆ. ಏರಿಕೆಯನ್ನು ನಿರ್ಧರಿಸುವುದು ಪದಾರ್ಥ ಮಾತ್ರವಲ್ಲ, ಪ್ರಮಾಣವೂ ಹೌದು: ನಾಲ್ಕು ರೊಟ್ಟಿಯ ಜಾಗದಲ್ಲಿ ಎರಡು ರೊಟ್ಟಿ, ಎರಡು ಪಾಲು ಪಲ್ಯ. ಮಧ್ಯಾಹ್ನ ಮೊಳಕೆ ಹುರುಳಿಯ ಸಾರು, ಆಷಾಢದಲ್ಲಾದರೆ ಕಳಲೆ ಪಲ್ಯ, ಪತ್ರೊಡೆ, ಅಣಬೆ. ಕೆಲವು ಮನೆಗಳಲ್ಲಿ ಇನ್ನೂ ಕುಸುಬಲಕ್ಕಿ ಅನ್ನ ಮಾಡುತ್ತಾರೆ, ಬಿಳಿ ಅಕ್ಕಿಗಿಂತ ಅದು ನಿಧಾನ. ಮುರುಗಲು ಹುಳಿಯ ಸಾರು ಪಿತ್ತದ ಗಂಧೆ ಎದ್ದವರಿಗೆಂದು ಮಲೆನಾಡು ತಲೆಮಾರುಗಳಿಂದ ಕೊಡುತ್ತಾ ಬಂದದ್ದು. ಮೊಡವೆ ವಾಸಿ ಮಾಡುತ್ತದೆಂದು ನಾನು ಹೇಳಲಾರೆ, ಆದರೆ ಬಾಟಲಿಯ ಸಿಹಿ ಪಾನೀಯದ ಜಾಗದಲ್ಲಿ ಇದಕ್ಕಿಂತ ಒಳ್ಳೆಯದು ಈ ದಾರಿಯಲ್ಲಿ ಸಿಗದು.

ತೊಂದರೆ ಬರುವುದು ಮನೆಯೂಟದಲ್ಲಲ್ಲ, ಪ್ರವಾಸಿಗರಿಗೆಂದೇ ಮಾಡುವ ಊಟದಲ್ಲಿ. ಅನೇಕ ಹೋಮ್‌ಸ್ಟೇಗಳಲ್ಲಿ ಸಂಜೆ ಬೆಂಕಿ ಹಾಕಿದಾಗ ಬರುವುದು ಗೋಬಿ ಮಂಚೂರಿ, ರಾತ್ರಿ ಮೈದಾ ಪರೋಟ, ಬೆಳಗ್ಗೆ ಬ್ರೆಡ್ಡು-ಜಾಮು. ಬೆಂಗಳೂರಿನವರು ಇದನ್ನೇ ಕೇಳುತ್ತಾರೆಂದು ಮಾಲೀಕರು ಹೇಳುತ್ತಾರೆ. ಇಲ್ಲಿ ಸಿಗುವುದೇ ಇದು ಎಂದು ಬಂದವರು ಹೇಳುತ್ತಾರೆ. ಕೋಣೆ ಗೊತ್ತು ಮಾಡುವಾಗಲೇ ಫೋನಿನಲ್ಲಿ ಒಂದು ಮಾತು ಹೇಳಿದರೆ ಸಾಕು: ನಿಮ್ಮ ಮನೆಯವರು ಉಣ್ಣುವುದನ್ನೇ ನಮಗೂ ಮಾಡಿ, ಕಾಫಿಗೆ ಹಾಲು ಬೇಡ. ಮುಂಚೆಯೇ ತಿಳಿಸಿದ ಪಥ್ಯ ಅಡುಗೆಯವರಿಗೆ ಸುಲಭದ ಕೆಲಸ. ಬಡಿಸಿದ ಮೇಲೆ ಹೇಳಿದ ಪಥ್ಯ ಅದೇ ಅಡುಗೆಯವರಿಗೆ ನೋವು.

ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಪಂಕ್ತಿಯಲ್ಲಿ ಕೂತಾಗ ಈ ಮಾತು ಇನ್ನಷ್ಟು ಮುಖ್ಯ. ಬಂದವರಿಗೆಲ್ಲ ಅನ್ನವಿಕ್ಕುವ ಜಾಗ ಅದು. ಅಲ್ಲಿ ಬೇಡವಾದದ್ದನ್ನು ಬಡಿಸುವ ಮುಂಚೆಯೇ ಕೈ ಅಡ್ಡ ಹಿಡಿದು ಸಾಕು ಎನ್ನಬಹುದು, ಯಾರೂ ಒತ್ತಾಯಿಸುವುದಿಲ್ಲ. ಬಡಿಸಿಕೊಂಡು ಬಿಡಬಾರದು. ಪ್ರಸಾದವೆಂದು ಒಂದು ಚಮಚ ಪಾಯಸ ತಿನ್ನಲು ಮನಸ್ಸಾದರೆ ಹೆದರದೆ ತಿನ್ನಿ. ಹನ್ನೆರಡು ವಾರದ ಅಭ್ಯಾಸವನ್ನು ಅಳೆದ ಅಧ್ಯಯನಗಳಲ್ಲಿ ಒಂದು ಚಮಚಕ್ಕೆ ಲೆಕ್ಕವೇ ಇಲ್ಲ.

ಮುರಿದ ಪಥ್ಯದ ಬಗ್ಗೆ ಹಳೆಯ ವೈದ್ಯಶಾಸ್ತ್ರದಲ್ಲಿ ಹೆಚ್ಚಿನ ಸಮಾಧಾನವಿದೆ. ಸುಶ್ರುತ ಸಂಹಿತೆ ಯುವಕರ ಮುಖದಲ್ಲಿ ಬೂರುಗದ ಮುಳ್ಳಿನಂತೆ ಏಳುವ ಗುಳ್ಳೆಗಳನ್ನು ಮುಖದೂಷಿಕಾ ಎಂದು ಕರೆದು, ಅದನ್ನು ಕ್ಷುದ್ರರೋಗಗಳ, ಎಂದರೆ ಚಿಕ್ಕ ಕಾಯಿಲೆಗಳ ಸಾಲಿಗೆ ಸೇರಿಸಿತು. ಚರಕ ಸಂಹಿತೆ ಅಹಿತವಾದ ಅಭ್ಯಾಸವನ್ನು ಒಮ್ಮೆಗೇ ಕಿತ್ತೊಗೆಯಬೇಡಿ, ಕಾಲುಕಾಲು ಭಾಗವಾಗಿ ಬಿಡುತ್ತಾ ಹಿತವಾದದ್ದನ್ನು ಕಾಲುಕಾಲು ಭಾಗವಾಗಿ ತನ್ನಿ ಎನ್ನುತ್ತದೆ. ನಿನ್ನೆಯವರೆಗೆ ದಿನಕ್ಕೆ ನಾಲ್ಕು ಲೋಟ ಹಾಲು ಕಾಫಿ ಕುಡಿಯುತ್ತಿದ್ದವರು ಪ್ರವಾಸದ ಬೆಳಿಗ್ಗೆ ಎಲ್ಲವನ್ನೂ ಬಿಟ್ಟು, ಸಂಜೆಗೆ ತಲೆನೋವು ಬಂದು, ರಾತ್ರಿ ಸಿಕ್ಕಿದ್ದನ್ನೆಲ್ಲ ತಿನ್ನುವುದನ್ನು ನೋಡಿದವರಿಗೆ ಆ ಮಾತಿನ ಬೆಲೆ ಗೊತ್ತು.

ಪ್ರವಾಸದಲ್ಲಿ ಮುಖ ಕೆಡುವುದಕ್ಕೆ ಊಟಕ್ಕಿಂತ ಬೇರೆ ಕಾರಣಗಳೇ ಹೆಚ್ಚು. ರಾತ್ರಿಯಿಡೀ ಬಸ್ಸಿನಲ್ಲಿ ನಿದ್ದೆಗೆಡುವುದು, ಬೆವರಿದ ಮುಖಕ್ಕೆ ಹೆಲ್ಮೆಟ್ಟಿನ ಪಟ್ಟಿ ತಿಕ್ಕುವುದು, ತಲೆಗೆ ಹಚ್ಚಿದ ಎಣ್ಣೆ ಹಣೆಗೆ ಇಳಿಯುವುದು, ದಪ್ಪ ಜಿಡ್ಡಿನ ಸನ್‌ಸ್ಕ್ರೀನು, ಹಂಡೆಯ ಸುಡುನೀರಿನಲ್ಲಿ ಮತ್ತೆ ಮತ್ತೆ ಸೋಪು ಹಾಕಿ ಮುಖ ತಿಕ್ಕುವುದು. ಮೇಲಕ್ಕೆ ಹೋದಂತೆ ಬಿಸಿಲಿನ ನೇರಳಾತೀತ ಕಿರಣದ ತೀವ್ರತೆ ಪ್ರತಿ ಸಾವಿರ ಮೀಟರಿಗೆ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಲ್ಲಿ ಚಳಿಗಾಳಿ ಬೀಸುತ್ತಿದ್ದರೂ ಮುಖ ಸುಡುತ್ತದೆ, ಮೊಡವೆಯ ಕಲೆ ಕಪ್ಪಾಗುತ್ತದೆ. ಮೊಡವೆಗೆ ಡಾಕ್ಸಿಸೈಕ್ಲಿನ್ ಮಾತ್ರೆ ನುಂಗುತ್ತಿರುವವರಿಗಂತೂ ಬಿಸಿಲು ಇನ್ನೂ ಬೇಗ ತಾಗುತ್ತದೆ. ಟೊಪ್ಪಿ ಬೇಕು, ಜಿಡ್ಡಿಲ್ಲದ ಸನ್‌ಸ್ಕ್ರೀನ್ ಬೇಕು.

ಮಾತ್ರೆಯ ಮಾತು ಬಂದದ್ದರಿಂದ ಇನ್ನೊಂದು ಹೇಳಲೇಬೇಕು. ತೀವ್ರ ಮೊಡವೆಗೆ ವೈದ್ಯರು ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆ ಮೈಗೆ ಹತ್ತಬೇಕಾದರೆ ಸಾಮಾನ್ಯವಾಗಿ ಊಟದಲ್ಲಿ ಕೊಬ್ಬಿನಂಶ ಇರಬೇಕು. ಬರಿಹೊಟ್ಟೆಯಲ್ಲಿ ನುಂಗಿದರೆ ಹೀರಿಕೆ ಬಹಳ ತಗ್ಗುತ್ತದೆ. ಎಣ್ಣೆ, ತುಪ್ಪ, ಕಾಯಿ ಎಲ್ಲ ಬಿಟ್ಟು ಸಪ್ಪೆ ಉಂಡು ಈ ಮಾತ್ರೆ ನುಂಗುವವರು ತಮ್ಮ ಔಷಧವನ್ನು ತಾವೇ ವ್ಯರ್ಥ ಮಾಡಿಕೊಳ್ಳುತ್ತಾರೆ. ಗರ್ಭದಲ್ಲಿರುವ ಮಗುವಿಗೆ ಅಪಾಯ ಮಾಡುವ ಮಾತ್ರೆಯೂ ಹೌದು, ವೈದ್ಯರ ನಿಗಾ ಇಲ್ಲದೆ ಮುಟ್ಟುವಂತಿಲ್ಲ. ಹಾಗೆಯೇ ದಾರಿಯ ಮೆಡಿಕಲ್ ಶಾಪಿನಲ್ಲಿ ಬೇಗ ಬೆಳ್ಳಗಾಗಲೆಂದು ಸ್ಟೀರಾಯ್ಡ್ ಇರುವ ಮುಲಾಮು ತಂದು ಹಚ್ಚಬೇಡಿ. ಮೂರು ದಿನ ಮುಖ ನಯವಾಗುತ್ತದೆ, ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಮೊಡವೆ ಇಮ್ಮಡಿಯಾಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ಸಡಿಲಿಕೆ ಇಲ್ಲ. ಏಡಿ, ಅಣಬೆ, ಕಡಲೆಕಾಯಿ ತಿಂದರೆ ಮೈಯೆಲ್ಲ ಗಂಧೆ ಏಳುವವರು, ತುಟಿ ಊದುವವರು, ಉಸಿರು ಕಟ್ಟುವವರು ಉಪಚಾರಕ್ಕೆ ಮಣಿಯಬಾರದು. ಗೋಧಿ ಸೇರಿದರೆ ಕರುಳೂ ಚರ್ಮವೂ ಕೆಡುವ ಸೀಲಿಯಾಕ್ ಕಾಯಿಲೆಯವರೂ ಅಷ್ಟೇ. ಅದು ಅಲರ್ಜಿ ಅಥವಾ ಕಾಯಿಲೆ, ಮೊಡವೆಯ ಪಥ್ಯದ ಜೊತೆ ಅದನ್ನು ಸೇರಿಸಿ ನೋಡಬಾರದು.

ಮೂರು ತಿಂಗಳಾದರೂ ಮೊಡವೆ ಇಳಿಯದಿದ್ದರೆ, ಒತ್ತಿದರೆ ನೋಯುವ ಗಂಟುಗಳಿದ್ದರೆ, ಗುಳಿ ಬೀಳುತ್ತಿದ್ದರೆ, ಹುಡುಗಿಯರಲ್ಲಿ ಮುಟ್ಟು ಏರುಪೇರಾಗುತ್ತಿದ್ದರೆ ಇನ್ನೊಂದು ಪದಾರ್ಥ ಬಿಡುವುದರಲ್ಲಿ ಪ್ರಯೋಜನವಿಲ್ಲ. ಚರ್ಮವೈದ್ಯರನ್ನು ಕಾಣಬೇಕು. ಮೊಡವೆಗೆ ಕೆಲಸ ಮಾಡುವ ಔಷಧಗಳು ಇವತ್ತು ಇವೆ, ಅವು ಫಲ ಕೊಡಲು ಎರಡು-ಮೂರು ತಿಂಗಳು ಹಿಡಿಯುತ್ತದೆ, ಕಲೆ ಬಿದ್ದ ಮೇಲೆ ಅದನ್ನು ತೆಗೆಯುವುದು ಬಹಳ ಕಷ್ಟ.

ಇನ್ನು ಮಲೆನಾಡಿನ ಮನೆಗಳವರಲ್ಲಿ, ಹೋಮ್‌ಸ್ಟೇ ನಡೆಸುವವರಲ್ಲಿ ಒಂದು ಬೇಡಿಕೆ. ಬಂದ ಹುಡುಗಿ ಹಾಲು ಬೇಡವೆಂದರೆ ಕಾರಣ ಕೇಳಬೇಡಿ, ಅವಳ ಮುಖದ ಬಗ್ಗೆ ಮಾತಾಡಬೇಡಿ, ಮದ್ದು ಹೇಳಬೇಡಿ. ಹಾಲಿಲ್ಲದ ಕಾಫಿ ಆಗುತ್ತಾ ಎಂದಷ್ಟೇ ಕೇಳಿ, ಎರಡು ಅಕ್ಕಿರೊಟ್ಟಿ ಬಿಸಿಬಿಸಿಯಾಗಿ ಹಾಕಿ.